ಬಚ್ಚಲುಮನೆ ಹೊಸದು ಮಾಡಿಸಲು ಕೆಲಸದವರಿಗೆ ಎಷ್ಟು ಕೊಡಬೇಕು? ಮೈಸೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬಚ್ಚಲನ್ನು ಎರಡು ಸಲ ಮಾಡಿಸಿದವನು ನಾನು. ವಿಜಯನಗರದ ನಮ್ಮ ಮನೆಯ ಮಹಡಿ ಮೇಲಿನದು, 8 ಅಡಿಗೆ 5 ಅಡಿ. ಮೊದಲ ಸಲ ಅಗ್ಗಕ್ಕೆ ಒಪ್ಪಿಕೊಂಡವರಿಗೆ ಕೊಟ್ಟೆ, ಎರಡೇ ಮಳೆಗಾಲದಲ್ಲಿ ಕೆಳಗಿನ ಹಾಲ್‌ನ ಸೀಲಿಂಗ್ ಮೇಲೆ ನಕ್ಷೆ ಬಿಡಿಸಿದ ಹಾಗೆ ನೀರು ಒಸರಲು ಶುರುವಾಯಿತು. 2025ರಲ್ಲಿ ಮತ್ತೆ ಎಲ್ಲ ಒಡೆಸಿ ಮಾಡಿಸಿದೆ. ಅಂದಿನಿಂದ ನೆಂಟರು, ಆಫೀಸಿನವರು, ಪಕ್ಕದ ಬೀದಿಯವರು ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ, ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕೆಳಗಿನ ಕೂಲಿ ದರಗಳೆಲ್ಲ ನಾನು ಕೊಟ್ಟದ್ದು. ನಿಮ್ಮ ಏರಿಯಾದಲ್ಲಿ, ನಿಮ್ಮ ಮೇಸ್ತ್ರಿ ಹತ್ತಿರ ಸ್ವಲ್ಪ ಆಚೀಚೆ ಆಗುತ್ತದೆ.

ಸುತ್ತುಬಳಸು ಬೇಡ, ಒಟ್ಟು ಕೂಲಿ ಎಷ್ಟಾಯಿತು ಹೇಳಿ.

39,310 ರೂಪಾಯಿ. ಸಾಮಾನಿನ ಖರ್ಚು ಬೇರೆ.

ಬಿಡಿಸಿ ಹೇಳುತ್ತೇನೆ. ಹಳೇ ಟೈಲ್ಸ್, ನೆಲ ಒಡೆಯಲು ಇಬ್ಬರು ಆಳು ಎರಡು ದಿನ, ತಲೆಗೆ 800ರಂತೆ 3,200. ಪ್ಲಂಬರ್‌ಗೆ ಪೈಪ್ ಹಾಕುವುದರಿಂದ ಹಿಡಿದು ಕೊನೆಗೆ ಕಮೋಡ್, ನಲ್ಲಿ ಕೂರಿಸುವವರೆಗೆ ಒಟ್ಟಾರೆ 14,000. ವಾಟರ್‌ಪ್ರೂಫಿಂಗ್ ಕೂಲಿ 3,500. ಗಾರೆ ಮೇಸ್ತ್ರಿಗೆ 1,100, ಕೈಯಾಳಿಗೆ 750, ಮೂರು ದಿನಕ್ಕೆ 5,550. ಟೈಲ್ಸ್ ಹಾಕಲು 204 ಚದರ ಅಡಿಗೆ 40ರಂತೆ 8,160. ಎಲೆಕ್ಟ್ರಿಷಿಯನ್‌ಗೆ ಐದು ಪಾಯಿಂಟ್, 2,500. ಒಡೆದ ಮಣ್ಣುಕಸ ಸಾಗಿಸಲು ಗೂಡ್ಸ್ ಆಟೋ ಎರಡು ಟ್ರಿಪ್, 2,400.

ನೋಡಿ, ಈ ಪಟ್ಟಿಯಲ್ಲಿ ಟೈಲ್ಸ್ ಕೂಲಿ ಎಲ್ಲರಿಗೂ ಕಣ್ಣಿಗೆ ಬೀಳುತ್ತದೆ, ಅಡಿಗೆ 40 ಅಂದರೆ 35ಕ್ಕೆ ಇಳಿಸಿ ಅಂತ ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಹಾಗೆ ಇಳಿಸಿದರೆ ಉಳಿಯುವುದು ಬರೀ ಸಾವಿರ ರೂಪಾಯಿ. ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗುವ ಕೆಲಸ ಇದೆಯಲ್ಲ, ಪೈಪು, ವಾಟರ್‌ಪ್ರೂಫಿಂಗ್, ನೆಲದ ವಾಟ (ನೀರು ಹರಿಯುವ ಇಳಿಜಾರು), ಅದು ಕೆಟ್ಟರೆ ಈ ಇಡೀ ಪಟ್ಟಿಯನ್ನು ಇನ್ನೊಂದು ಸಲ ಕೊಡಬೇಕು. ನಾನು ಕೊಟ್ಟಿದ್ದೇನೆ.

ಎಷ್ಟು ಅಡಿ ಟೈಲ್ಸ್ ಕೆಲಸ ಅಂತ ಮೇಸ್ತ್ರಿ ಹೇಳಿದ್ದನ್ನೇ ನಂಬಬೇಕಾ?

ಬೇಡ, ಟೇಪ್ ಹಿಡಿದು ನೀವೇ ಅಳೆಯಿರಿ. 8 ಅಡಿ, 5 ಅಡಿ ಬಚ್ಚಲಿನ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 182 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲಿಗೆ ಸುಮಾರು 18 ಅಡಿ ಕಳೆಯಿರಿ, 164 ಉಳಿಯಿತು. ನೆಲಕ್ಕೆ 40. ಒಟ್ಟು 204.

ಕೊಳ್ಳುವಾಗ ಮಾತ್ರ ನೂರಕ್ಕೆ ಹತ್ತು ಜಾಸ್ತಿ ತನ್ನಿ, ಅಂದರೆ 225 ಅಡಿ. ಕತ್ತರಿಸುವಾಗ ಒಡೆಯುತ್ತವೆ, ನಾಲ್ಕು ವರ್ಷದ ಮೇಲೆ ಒಂದು ಬಿರುಕು ಬಿಟ್ಟರೆ ಅದೇ ಡಿಸೈನ್ ಎಲ್ಲೂ ಸಿಗುವುದಿಲ್ಲ. ಆದರೆ ಕೂಲಿ ಹಾಕಿದ ಅಡಿಗೆ ಮಾತ್ರ, ತಂದ ಅಡಿಗೆ ಅಲ್ಲ. ಈ ಮಾತು ಮೊದಲೇ ಆಗಲಿ. ಬಾಗಿಲಿನ ಜಾಗ ಕಳೆಯಬೇಕೋ ಬೇಡವೋ ಅನ್ನುವುದೂ ಮೊದಲೇ ಆಗಲಿ, ಕೆಲವರು ಕಳೆಯುವುದಿಲ್ಲ. ವೆಂಟಿಲೇಟರ್‌ಗೆ ಯಾರೂ ಕಳೆಯುವುದಿಲ್ಲ, ಅದರ ಸುತ್ತ ಕತ್ತರಿಸಿ ಕೂರಿಸುವ ಕೆಲಸ ಜಾಸ್ತಿ. ಅದಕ್ಕೆ ಜಗಳ ಬೇಡ.

ಅಡಿ ಲೆಕ್ಕಕ್ಕೆ ಕೊಡೋದು ಒಳ್ಳೇದೋ, ದಿನಗೂಲಿಯೋ?

ಟೈಲ್ಸ್‌ಗೆ ಅಡಿ ಲೆಕ್ಕ. ಒಡೆಯುವುದಕ್ಕೆ, ಹಳೇ ಗೋಡೆ ಸರಿಮಾಡುವುದಕ್ಕೆ ದಿನಗೂಲಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಟೈಲ್ಸ್ ಮೇಸ್ತ್ರಿ 1,200, ಕೈಯಾಳು 750, ದಿನಕ್ಕೆ 1,950. 204 ಅಡಿಯನ್ನು ಮೂರು ದಿನಕ್ಕೆ ಮುಗಿಸಿದರೆ 5,850, ನಿಮಗೆ ಲಾಭ. ಐದು ದಿನ ಎಳೆದರೆ 9,750, ನಿಮಗೆ ನಷ್ಟ. ಅವರು ಎಳೆಯುತ್ತಾರೋ ಇಲ್ಲವೋ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಬಾಗಿಲಲ್ಲಿ ನಿಂತು ನೋಡುವ ಪುರುಸೊತ್ತು ಯಾರಿಗಿದೆ? ಅಡಿ ಲೆಕ್ಕ ಕೊಟ್ಟು ಆಫೀಸಿಗೆ ಹೋಗಿ. ಇದರಲ್ಲೂ ಒಂದು ಅಪಾಯ ಇದೆ, ಅವಸರದಲ್ಲಿ ಬಡಿದುಬಿಡುತ್ತಾರೆ. ಅದಕ್ಕೆ ಸಂಜೆ ಬಂದ ಕೂಡಲೇ ಒಂದು ನಾಣ್ಯ ತಗೊಂಡು ಪ್ರತಿ ಟೈಲ್ ಮೇಲೂ ತಟ್ಟಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಸರಿಯಾಗಿ ತುಂಬಿಲ್ಲ ಅಂತ. ಅವತ್ತೇ ಕೀಳಿಸಿ. ನಾಳೆ ಅನ್ನಬೇಡಿ.

ಒಡೆಯುವ ಕೆಲಸಕ್ಕೆ ಗುತ್ತಿಗೆ ಕೊಟ್ಟರೆ ಅವರಿಗೂ ಬೇಗ ಮುಗಿದರೆ ಸಾಕು, ಬ್ರೇಕರ್ ಮಷೀನು ಹಿಡಿದು ಇಟ್ಟಿಗೆ, ಕಾಂಕ್ರೀಟು, ಪೈಪು ಯಾವುದನ್ನೂ ನೋಡದೆ ನುಗ್ಗಿಸುತ್ತಾರೆ. ಅಲ್ಲಿ ದಿನಗೂಲಿಯೇ ಸರಿ.

ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಒಡೆಯೋ ಖರ್ಚು ಉಳಿಯುತ್ತಲ್ವಾ?

ಉಳಿಯುತ್ತದೆ. ಹಳೇ ಟೈಲ್ಸ್ ಗಟ್ಟಿಯಾಗಿದ್ದು, ಎಲ್ಲೂ ಒಸರು ಇಲ್ಲದೆ ಸುಮ್ನೆ ಬಣ್ಣ ಹಳತಾಯಿತು ಅಂತ ಬದಲಾಯಿಸುವುದಾದರೆ ಅಡ್ಹೆಸಿವ್ ಹಾಕಿ ಅಂಟಿಸಬಹುದು. ನೆಲ ಅರ್ಧ ಇಂಚಾದರೂ ಏರುತ್ತದೆ, ಬಾಗಿಲು ಅಡಿಯಲ್ಲಿ ಕೊಯ್ಯಬೇಕಾದೀತು, ಹೊಸಿಲು ದಾಟಿ ನೀರು ರೂಮಿಗೆ ಬಂದೀತು. ಸೋರುತ್ತಿರುವ ಬಚ್ಚಲಿಗೆ ಮಾತ್ರ ಇದು ಬೇಡವೇ ಬೇಡ. ಗಾಯಕ್ಕೆ ಔಷಧಿ ಹಾಕದೆ ಮೇಲೆ ಬಟ್ಟೆ ಸುತ್ತಿದ ಹಾಗೆ.

ಪ್ಲಂಬರ್ ಪಾಯಿಂಟ್‌ಗೆ ಇಷ್ಟು ಅಂತಾರೆ. ಪಾಯಿಂಟ್ ಅಂದರೆ ಏನು?

ಇದನ್ನು ಕೇಳದೆ ಒಪ್ಪಿಕೊಂಡು ಹೊಡೆಸಿಕೊಂಡವರು ಬಹಳ ಜನ. ಸಾಮಾನ್ಯವಾಗಿ ನೀರು ಹೊರಗೆ ಬರುವ ಒಂದೊಂದು ಬಾಯಿಯೂ ಒಂದು ಪಾಯಿಂಟ್. ಆದರೆ ಮಿಕ್ಸರ್‌ಗೆ ತಣ್ಣೀರು, ಬಿಸಿನೀರು ಎರಡು ಪೈಪ್ ಬರುತ್ತವೆ, ಅದು ಒಂದೋ ಎರಡೋ? ಗೀಸರ್‌ಗೆ ಒಳಗೆ ಹೋಗುವುದು, ಹೊರಗೆ ಬರುವುದು, ಅದು ಒಂದೋ ಎರಡೋ? ಕೊಳಚೆ ಹೋಗುವ ಪೈಪ್ ಇದರಲ್ಲಿ ಸೇರಿದೆಯೋ? ಗೋಡೆ ಕೊರೆಯುವುದು ಯಾರು, ಕೊರೆದ ಮೇಲೆ ಗಾರೆ ತುಂಬುವುದು ಯಾರು? ಕೊನೆಗೆ ಕಮೋಡ್, ಬೇಸಿನ್, ಶವರ್ ಫಿಟ್ ಮಾಡಲು ಬೇರೆ ದುಡ್ಡೋ? ಎರಡನೇ ಸಲ ನಾನು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೂತು, 'ಅಣ್ಣ, ಇದೆಲ್ಲ ಸೇರಿಸಿ ಒಂದೇ ಮೊತ್ತ ಹೇಳಿಬಿಡಿ' ಅಂದೆ. 14,000 ಅಂದರು. ಮೊದಲ ಸಲದವರು ಪಾಯಿಂಟ್ ಲೆಕ್ಕದಲ್ಲಿ ಶುರುಮಾಡಿ, ಕೊರೆಯಲು ಬೇರೆ, ಫಿಟ್ಟಿಂಗ್‌ಗೆ ಬೇರೆ ಅಂತ ಕೊನೆಗೆ ಇದಕ್ಕಿಂತ ಜಾಸ್ತಿಯೇ ತಗೊಂಡಿದ್ದರು.

ಪ್ಲಂಬರ್ ಬರುವ ಮೊದಲೇ ಕಮೋಡ್ ಕೊಂಡು ಮನೆಯಲ್ಲಿಡಿ. ಕೆಲವು ಕಮೋಡ್‌ನ ಬಾಯಿ ನೆಲಕ್ಕೆ, ಕೆಲವದು ಗೋಡೆಗೆ. ನೆಲಕ್ಕೆ ಇಳಿಯುವುದರಲ್ಲೂ ಗೋಡೆಯಿಂದ ಎಷ್ಟು ದೂರಕ್ಕೆ ಪೈಪ್ ಬರಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಆ ದೂರವನ್ನು ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ ಅಳೆಯಬೇಕು, ಬರೀ ಇಟ್ಟಿಗೆಯಿಂದ ಅಲ್ಲ. 4 ಇಂಚಿನ ಪೈಪ್ ಒಂದು ಸಲ ಕಾಂಕ್ರೀಟಿನಲ್ಲಿ ಕೂತ ಮೇಲೆ ಕಮೋಡ್ ಹೊಂದಲಿಲ್ಲ ಅಂದರೆ ಆಗ ಬೀಳುವ ಕೂಲಿಗೆ ಲೆಕ್ಕ ಇಲ್ಲ.

ಬಿಸಿನೀರಿಗೆ ಸಿಪಿವಿಸಿ ಪೈಪ್, ಅದಕ್ಕೆ ಅದರದ್ದೇ ಗಮ್. ತಣ್ಣೀರಿನ ಯುಪಿವಿಸಿ ಗಮ್ ಕೈಗೆ ಸಿಕ್ಕಿತು ಅಂತ ಹಚ್ಚಿದರೆ ಜಾಯಿಂಟ್ ಬಿಡುತ್ತದೆ. ಸೋಲಾರ್ ಇರುವ ಮನೆ ನಮ್ಮೂರಲ್ಲಿ ಬೇಕಾದಷ್ಟು, ಬೇಸಿಗೆಯಲ್ಲಿ ಅದರ ನೀರು ಎಷ್ಟು ಕಾದಿರುತ್ತದೆ ಅಂತ ಕೈ ಸುಟ್ಟುಕೊಂಡವರಿಗೆ ಗೊತ್ತು.

ಪೈಪ್ ಸೋರುತ್ತಿಲ್ಲ ಅಂತ ಹೇಗೆ ಗೊತ್ತಾಗೋದು?

ಟೈಲ್ಸ್ ಹಾಕುವ ಮೊದಲು ಎಲ್ಲ ಬಾಯಿಗೂ ಡಮ್ಮಿ (ಮುಚ್ಚಳ) ಹಾಕಿಸಿ, ಒತ್ತಡದ ಕೈಪಂಪ್ ತಂದು ಪರೀಕ್ಷೆ ಮಾಡಿಸಿ. ಬರೀ ಟ್ಯಾಂಕ್ ನೀರು ಬಿಟ್ಟು ನೋಡುವುದು ಸಾಲದು. ಟ್ಯಾಂಕ್ 10 ಅಡಿ ಎತ್ತರದಲ್ಲಿದ್ದರೆ ಒತ್ತಡ 0.3 ಬಾರ್ ಅಷ್ಟೇ. ಮುಂದೆ ನೀವು ಪ್ರೆಶರ್ ಪಂಪ್ ಹಾಕಿಸಿದ ದಿನ ಆ ಬಡಪಾಯಿ ಜಾಯಿಂಟ್ ಬಾಯಿ ಬಿಡುತ್ತದೆ.

ಹಾಗೇ ಇನ್ನೊಂದು ಮಾತು. ಆ 0.3 ಬಾರ್‌ನಲ್ಲಿ ಅಂಗಡಿಯಲ್ಲಿ ಮನಸೋತ ದೊಡ್ಡ ರೇನ್ ಶವರ್ ಮಳೆ ಸುರಿಸುವುದಿಲ್ಲ, ತೊಟ್ಟಿಕ್ಕುತ್ತದೆ. ಮೊದಲು ಟ್ಯಾಂಕ್ ಎತ್ತರ ನೋಡಿ, ಆಮೇಲೆ ಶವರ್ ನೋಡಿ.

ವಾಟರ್‌ಪ್ರೂಫಿಂಗ್ ಬೇಕೇ ಬೇಕಾ? ಮೇಸ್ತ್ರಿ ಸಿಮೆಂಟಿಗೇ ಲಿಕ್ವಿಡ್ ಹಾಕಿದರೆ ಸಾಕು ಅಂತಾರೆ.

ನನಗೂ ಹಾಗೇ ಅಂದಿದ್ದರು. 'ಸಾರ್, ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದ್ದೀನಿ' ಅಂದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದರ ಬೆಲೆ ಕೆಳಗಿನ ಹಾಲ್‌ನ ಸೀಲಿಂಗ್, ಪೇಂಟು, ಅಪ್ಪನ ಕೈಲಿ ಬೈಗುಳ, ಮತ್ತೆ ಒಂದು ಬಚ್ಚಲು.

ಗಾರೆಗೆ ಲಿಕ್ವಿಡ್ ಬೆರೆಸುವುದು ತಪ್ಪಲ್ಲ, ಆದರೆ ಅದೊಂದೇ ಸಾಲದು. ನೆಲ ಪೂರ್ತಿ, ಗೋಡೆಗೆ ಕನಿಷ್ಠ ಒಂದು ಅಡಿ ಮೇಲಕ್ಕೆ, ಶವರ್ ಇರುವ ಗೋಡೆಗೆ ಇನ್ನೂ ಎತ್ತರಕ್ಕೆ ಕೋಟಿಂಗ್ ಬಳಿಸಿ, ಎರಡು ಕೋಟ್, ಅಡ್ಡಕ್ಕೊಂದು ಉದ್ದಕ್ಕೊಂದು. ನಮ್ಮ ಬಚ್ಚಲಿಗೆ ನೆಲ 40, ಸುತ್ತ ಒಂದಡಿ 26, ಕಡಿಮೆ ಅಂದರೂ 66 ಅಡಿ. ನೆಲ ಗೋಡೆ ಸೇರುವ ಮೂಲೆ, ಪೈಪ್ ತೂರಿಬರುವ ತೂತಿನ ಸುತ್ತ, ನೆಲದ ನೀರು ಇಳಿದುಹೋಗುವ ನಾನಿ ಟ್ರ್ಯಾಪ್ ಸುತ್ತ, ಸೋರಿಕೆ ಶುರುವಾಗುವುದು ಬಹುಪಾಲು ಇಲ್ಲೇ. ಅಲ್ಲಿ ಬಳಿಯುವಾಗ ಮಾತ್ರ ನೀವು ಎದುರಿಗೆ ನಿಂತಿರಿ.

ಒಣಗಿದ ಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ, ಹೊಸಿಲಿಗೆ ಗಾರೆಯ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ. ಕೆಳಗಿನ ಸೀಲಿಂಗ್‌ಗೆ ಹೋಗಿ ಕೈಯಿಟ್ಟು ನೋಡಿ. ಈ ಎರಡು ದಿನ ಮೇಸ್ತ್ರಿಗೆ ಕೆಲಸ ಇಲ್ಲ, ಹಾಗಾಗಿ 'ಏನೂ ಆಗಲ್ಲ ಬಿಡಿ ಸಾರ್' ಅನ್ನುತ್ತಾರೆ. ನೀವು ಬಿಡಬೇಡಿ.

ನೀರು ಮೂಲೆಯಲ್ಲೇ ನಿಲ್ಲುತ್ತೆ. ಟೈಲ್ಸ್ ಹಾಕಿದ್ದಾಯ್ತು. ಏನು ಮಾಡೋದು?

ವಾಟ ಕೊಟ್ಟಿಲ್ಲ. 8 ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇಳಿಜಾರು ಟ್ರ್ಯಾಪ್ ಕಡೆಗೆ ಇರಬೇಕು. ಒಂದೋ ವೈಪರ್ ಇಟ್ಟುಕೊಳ್ಳಿ, ಇಲ್ಲ ನೆಲ ಕೀಳಿಸಿ. ನಡುವೆ ದಾರಿ ಇಲ್ಲ. ಟೈಲ್ಸ್ ಹಾಕುತ್ತಿರುವಾಗಲೇ ಒಂದು ಚೊಂಬು ನೀರು ಚೆಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು.

ವಿಟ್ರಿಫೈಡ್ ಟೈಲ್ಸ್‌ಗೆ ಅಡ್ಹೆಸಿವ್ ಬೇಕು ಅಂತ ಕೂಲಿ ಜಾಸ್ತಿ ಕೇಳ್ತಾರೆ. ಸರೀನಾ?

ಸರಿ. ಮಾಮೂಲಿ ಸೆರಾಮಿಕ್ ಗೋಡೆ ಟೈಲ್ ನೀರು ಹೀರುತ್ತದೆ, ಸಿಮೆಂಟ್ ಹಾಲನ್ನು ಹೀರಿ ಹಿಡಿದುಕೊಳ್ಳುತ್ತದೆ. ವಿಟ್ರಿಫೈಡ್ ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ, ಬರೀ ಸಿಮೆಂಟಿಗೆ ಅದು ಗೋಡೆ ಮೇಲೆ ನಿಲ್ಲುವ ಭರವಸೆ ಇಲ್ಲ. ಅಡ್ಹೆಸಿವ್ ಹಾಕಲು ಗೋಡೆ ಮೊದಲೇ ರಸಮಟ್ಟ, ತೂಗುಗುಂಡು ಹಿಡಿದು ಸಮ ಮಾಡಿರಬೇಕು, ಯಾಕೆಂದರೆ ಅದನ್ನು ತೆಳ್ಳಗೆ ಬಳಿಯಬೇಕು, ಗಾರೆಯ ಹಾಗೆ ಎರಡು ಇಂಚು ತುಂಬಿ ಡೊಂಕು ಮುಚ್ಚುವ ಹಾಗಿಲ್ಲ. ಕೂಲಿ ಜಾಸ್ತಿ ಆಗುವುದು ಅದಕ್ಕೇ.

ಗೀಸರ್‌ಗೆ ಹಳೇ ವೈರೇ ಸಾಕಲ್ವಾ?

ಸಾಲದು. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಲೈಟ್ ಲೈನಿನ ತೆಳು ವೈರಿಗೆ ಅದನ್ನು ಕೊಟ್ಟರೆ ಬಿಸಿಯಾಗುವುದು ನೀರೊಂದೇ ಅಲ್ಲ. ಡಿಬಿ ಬಾಕ್ಸ್‌ನಿಂದ (ಮನೆಯ ಕರೆಂಟ್ ಲೈನುಗಳ ಮುಖ್ಯ ಪೆಟ್ಟಿಗೆ) ಪ್ರತ್ಯೇಕ 4 ಎಂಎಂ ವೈರ್, 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ಒದ್ದೆ ಕಾಲಲ್ಲಿ ನಿಲ್ಲುವ ಜಾಗ ಅದು. ಗೋಡೆ ಗಾರೆ ಆಗುವ ಮೊದಲೇ ಎಲೆಕ್ಟ್ರಿಷಿಯನ್ ಒಂದು ಸಲ ಬರಬೇಕು, ಕೊನೆಗೆ ಇನ್ನೊಂದು ಸಲ. ಎರಡು ಸಲ ಬರುವುದಕ್ಕೂ ಸೇರಿಸಿ ದರ ಮಾತಾಡಿ.

ನಮ್ಮದು ಕೃಷ್ಣಮೂರ್ತಿಪುರಂನ ಹಳೇ ಮನೆ, ಹಂಡೆ ಒಲೆ ಇರೋ ಬಚ್ಚಲು. ನಮಗೂ ಇಷ್ಟೇ ಆಗುತ್ತಾ?

ಇಲ್ಲ, ಜಾಸ್ತಿ ಆಗುತ್ತದೆ, ಎಷ್ಟು ಜಾಸ್ತಿ ಅಂತ ಒಡೆಯುವವರೆಗೆ ಯಾರಿಗೂ ಹೇಳಲಾಗದು. ಸುಣ್ಣದ ಗಾರೆಯ ದಪ್ಪ ಗೋಡೆ ಇದ್ದರೆ ಬ್ರೇಕರ್ ಮಷೀನು ಜೋರಾಗಿ ಹೊಡೆಯುವ ಹಾಗಿಲ್ಲ, ಪಕ್ಕದ ರೂಮಿನ ಗಾರೆಯೂ ಉದುರುತ್ತದೆ. ಉಳಿ ಸುತ್ತಿಗೆ ಹಿಡಿದು ನಿಧಾನಕ್ಕೆ ಮಾಡುವವರು ಬೇಕು, ಎರಡು ದಿನದ ಕೆಲಸ ನಾಲ್ಕು ದಿನ ಆಗುತ್ತದೆ. ನೆಲದಡಿ ಹಳೇ ಪಿಂಗಾಣಿ ಪೈಪ್ ಇದ್ದರೆ ಯುಜಿಡಿ (ಒಳಚರಂಡಿ) ಚೇಂಬರ್‌ವರೆಗೂ ಬದಲಾಯಿಸಿಬಿಡಿ, ಅರ್ಧಕ್ಕೆ ಪಿವಿಸಿ ಸೇರಿಸಿದ ಜಾಯಿಂಟ್ ಮುಂದೆ ಕಟ್ಟಿಕೊಳ್ಳುತ್ತದೆ. ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಹಳೇ ತಾರಸಿ) ಮೇಲೆ ಹೊಸ ಬಚ್ಚಲು ಮಾಡುವ ಯೋಚನೆ ಇದ್ದರೆ ಮೇಸ್ತ್ರಿ ಮಾತು ಸಾಲದು, ಎಂಜಿನಿಯರ್‌ಗೆ ದುಡ್ಡು ಕೊಟ್ಟು ತೋರಿಸಿ.

ಅಗೆಯುವಾಗ ಹಳೇ ಕಕ್ಕಸು ಗುಂಡಿ ಸಿಕ್ಕಿತು ಅಂತ ಯಾರನ್ನೂ ಅದರೊಳಗೆ ಇಳಿಸಬೇಡಿ. 2013ರ ಕಾನೂನಿನ ಪ್ರಕಾರ ಅದು ಅಪರಾಧ, ಜೀವಕ್ಕೂ ಅಪಾಯ. ಸಕ್ಕಿಂಗ್ ಗಾಡಿ ಕರೆಸಿ.

ಆ ತಾಮ್ರದ ಹಂಡೆ ಮಾತ್ರ ಗುಜರಿಗೆ ಹಾಕಬೇಡಿ, ಪ್ಲೀಸ್.

ಒಡೆದ ಕಸ ಎಲ್ಲಿ ಹಾಕೋದು?

ಖಾಲಿ ಸೈಟಲ್ಲಿ, ಕೆರೆ ಏರಿ ಮೇಲೆ, ರಾಜಕಾಲುವೆಯಲ್ಲಿ ಅಲ್ಲ. ನಮ್ಮದರಲ್ಲಿ ಸಿಮೆಂಟ್ ಚೀಲದ ಲೆಕ್ಕದಲ್ಲಿ ಮೂವತ್ತೈದು ಚೀಲ ಬಂತು, ಒಂದೂವರೆ ಟನ್ನಿಗೆ ಹತ್ತಿರ. ಕಟ್ಟಡದ ಕಸ ಎಲ್ಲಿಗೆ ಒಯ್ಯಬೇಕು ಅಂತ ಪಾಲಿಕೆಯ ವಲಯ ಕಚೇರಿಯಲ್ಲಿ ಕೇಳಿ, ಆ ಜಾಗಕ್ಕೆ ಅಂತಲೇ ಗೂಡ್ಸ್ ಆಟೋದವರ ಹತ್ತಿರ ಬಾಡಿಗೆ ಮಾತಾಡಿ. ಮಹಡಿಯಿಂದ ಚೀಲ ಇಳಿಸಲು ಕೂಲಿ ಬೇರೆ ಕೇಳುತ್ತಾರೆ. ಒಡೆಯುವವರ ಹತ್ತಿರವೇ 'ಇಳಿಸಿ ಗಾಡಿಗೆ ತುಂಬುವುದೂ ಸೇರಿ' ಅಂತ ಮಾತು ಮುಗಿಸಿಕೊಳ್ಳಿ.

ಯಾವ ತಿಂಗಳಲ್ಲಿ ಮಾಡಿಸಿದರೆ ಕೂಲಿ ಕಡಿಮೆ?

ಆಷಾಢದಲ್ಲಿ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಹೊಸ ಮನೆಯ ಅವಸರ ಇಲ್ಲ, ಒಳ್ಳೆ ಟೈಲ್ಸ್ ಮೇಸ್ತ್ರಿಗಳು ಆಗಲೇ ಕೈಗೆ ಸಿಗುವುದು. ಬಚ್ಚಲು ರಿಪೇರಿಗೆ ಮುಹೂರ್ತ ಯಾರೂ ಕೇಳುವುದಿಲ್ಲ ಅಲ್ವಾ. ದರ ಇಳಿಸದಿದ್ದರೂ ಪರವಾಗಿಲ್ಲ, ದಿನಾ ಬರುತ್ತಾರೆ, ಅದೇ ದೊಡ್ಡದು. ಮಳೆಗಾಲವಾದ್ದರಿಂದ ಕೋಟಿಂಗ್ ಒಣಗಲು ಒಂದು ದಿನ ಜಾಸ್ತಿ ಬಿಡಿ. ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಗಳಂದು ಕೆಲವರು ರಜೆ ಹಾಕುತ್ತಾರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ದಸರಾ ಹತ್ತಿರ ಬೇಡವೇ ಬೇಡ. ಮಾಘ, ಫಾಲ್ಗುಣದಿಂದ ವೈಶಾಖದವರೆಗೆ ಮದುವೆ, ಗೃಹಪ್ರವೇಶ, ಅದರ ಮೇಲೆ ನಂಜನಗೂಡು ದೊಡ್ಡ ಜಾತ್ರೆ. ನಮ್ಮ ಗಾರೆ ಮೇಸ್ತ್ರಿ ನಂಜನಗೂಡು ಕಡೆಯವರು, ಜಾತ್ರೆಗೆ ಹೋದವರು ಒಂದು ವಾರ ಫೋನೇ ಎತ್ತಲಿಲ್ಲ. ಹೋಗಲಿ, ನಾವೂ ಹೋಗುತ್ತೇವಲ್ಲ.

ಎಲ್ಲ ಒಬ್ಬರಿಗೇ ಗುತ್ತಿಗೆ ಕೊಡೋದಾ, ಬೇರೆ ಬೇರೆಯವರನ್ನು ಕರೆಸೋದಾ?

ನೀವು ದಿನಕ್ಕೆ ಎರಡು ಸಲ ಹೋಗಿ ನೋಡಲು ಆಗುವುದಾದರೆ ಬೇರೆ ಬೇರೆ. ಬೆಂಗಳೂರಲ್ಲೋ ಬೇರೆ ಊರಲ್ಲೋ ಕೂತು ಮೈಸೂರಿನ ಮನೆ ಮಾಡಿಸುವುದಾದರೆ ಒಬ್ಬರಿಗೇ, ಅವರ ಲಾಭ ಅಂತ ಸ್ವಲ್ಪ ಜಾಸ್ತಿ ಹೋದರೂ ಸರಿ. ಬೇರೆ ಬೇರೆ ಕರೆಸಿದಾಗ ಏನಾಗುತ್ತದೆ ಅಂದರೆ, ಸೋರಿದರೆ ಪ್ಲಂಬರ್ ಟೈಲ್ಸ್‌ನವರನ್ನು ತೋರಿಸುತ್ತಾನೆ, ಟೈಲ್ಸ್‌ನವರು ಗಾರೆಯವರನ್ನು ತೋರಿಸುತ್ತಾರೆ, ಗಾರೆಯವರು ಮನೆಯ ವಾಸ್ತು ತೋರಿಸುತ್ತಾರೆ. ಅದಕ್ಕೇ ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಬರುವ ಮೊದಲು ಫೋಟೋ ತೆಗೆಯಿರಿ, ಗೋಡೆಯಲ್ಲಿ ಪೈಪ್, ವೈರ್ ಎಲ್ಲಿ ಹೋಗಿದೆ ಅನ್ನುವುದನ್ನು ಪಕ್ಕದಲ್ಲಿ ಟೇಪ್ ಹಿಡಿದು ತೆಗೆಯಿರಿ. ಮುಂದೆ ಟವೆಲ್ ರಾಡ್‌ಗೆ ಡ್ರಿಲ್ ಹೊಡೆಯುವಾಗ ಆ ಫೋಟೋ ನಿಮ್ಮ ಪೈಪ್ ಉಳಿಸುತ್ತದೆ.

ಅಡ್ವಾನ್ಸ್ ಎಷ್ಟು ಕೊಡಬೇಕು?

ಕಡಿಮೆ. ಪ್ಲಂಬರ್‌ಗೆ ನಾನು 2,000 ಕೊಟ್ಟೆ. ಪೈಪ್ ಪರೀಕ್ಷೆ ಆದ ದಿನ 6,000, ಫಿಟ್ಟಿಂಗ್ ಮುಗಿದ ದಿನ 4,500. ಉಳಿದ 1,500 ನಾವು ಹದಿನೈದು ದಿನ ಸ್ನಾನ ಮಾಡಿ ನೋಡಿದ ಮೇಲೆ. ಈ ಕೊನೆಯ ಕಂತಿನ ವಿಷಯ ಮೊದಲ ದಿನವೇ ಹೇಳಿಬಿಡಿ, ಕೊನೆಗೆ ಹೇಳಿದರೆ ಅದು ದುಡ್ಡು ಹಿಡಿದ ಹಾಗೆ ಆಗುತ್ತದೆ. ದಿನಗೂಲಿಯವರದ್ದು ಹಾಗಲ್ಲ, ಅವರಿಗೆ ಸಂಜೆಗೆ ಸಂಜೆಯೇ, ಇಲ್ಲ ಶನಿವಾರದ ಬಟವಾಡೆ. ಅದನ್ನು ಹಿಡಿಯಬಾರದು.

ಬಿಲ್ಲು, ಜಿಎಸ್‌ಟಿ?

ಒಬ್ಬೊಬ್ಬರೇ ದುಡಿಯುವ ಮೇಸ್ತ್ರಿ, ಪ್ಲಂಬರ್‌ಗಳ ವರ್ಷದ ವಹಿವಾಟು 20 ಲಕ್ಷ ದಾಟುವುದಿಲ್ಲ, ಅವರಿಗೆ ಜಿಎಸ್‌ಟಿ ನೋಂದಣಿ ಇರುವುದಿಲ್ಲ, ಕೂಲಿಗೆ ತೆರಿಗೆಯೂ ಇಲ್ಲ. ನೋಂದಣಿ ನಂಬರೇ ಇಲ್ಲದವರು ಜಿಎಸ್‌ಟಿ ಅಂತ ಸೇರಿಸಿ ಕೇಳಿದರೆ ಕೊಡಬೇಡಿ. ಸಾಮಾನಿಗೆ ಬಿಲ್ ತಗೊಳ್ಳಿ. ಟೈಲ್ಸ್, ಕಮೋಡ್, ಬೇಸಿನ್‌ಗೆ 18 ಪರ್ಸೆಂಟ್. ಸಿಮೆಂಟ್ ಮೊದಲು 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಹಳೇ ಎಸ್ಟಿಮೇಟ್ ತೋರಿಸುವವರಿಗೆ ಇದನ್ನು ನೆನಪಿಸಿ.

ಎಷ್ಟು ದಿನ ಬೇಕು? ಮನೇಲಿ ಇರೋದೇ ಒಂದು ಬಚ್ಚಲು.

ನಮಗೆ ಹದಿನೇಳು ದಿನ ಆಯಿತು, ಹತ್ತು ದಿನ ಅಂದಿದ್ದರು. ಗಾರೆ ನೀರು ಕುಡಿದು ಗಟ್ಟಿಯಾಗಬೇಕು, ಕೋಟಿಂಗ್ ಒಣಗಬೇಕು, ನೀರು ನಿಲ್ಲಿಸಿ ಕಾಯಬೇಕು. ಒಂದೇ ಬಚ್ಚಲಿದ್ದರೆ ವಯಸ್ಸಾದವರನ್ನು, ಮಕ್ಕಳನ್ನು ನೆಂಟರ ಮನೆಗೆ ಕಳಿಸಿ. ಕೆಲಸದವರಿಗೂ ನೀರು ಬೇಕು, ನಿಮ್ಮ ಏರಿಯಾಕ್ಕೆ ದಿನ ಬಿಟ್ಟು ದಿನ ನೀರು ಬರುವುದಾದರೆ ಸಂಪು ತುಂಬಿಸಿಟ್ಟುಕೊಳ್ಳಿ, ಟ್ಯಾಂಕರ್ ತರಿಸಿದರೆ ಅದೂ ಖರ್ಚೇ.

ಕೆಲಸ ಕೆಟ್ಟರೆ ದೂರು ಕೊಡೋಕೆ ಆಗುತ್ತಾ?

ಆಗುತ್ತದೆ. ಗ್ರಾಹಕ ಸಹಾಯವಾಣಿ 1915. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಆದರೆ ಏನು ಒಪ್ಪಿಕೊಂಡಿದ್ದರು ಅನ್ನುವುದಕ್ಕೆ ಕಾಗದ ಬೇಕು. ನನ್ನ ಹತ್ತಿರ ಮೊದಲ ಸಲದ್ದು ಒಂದು ಚೀಟಿಯೂ ಇರಲಿಲ್ಲ, ಸುಮ್ಮನಾದೆ. ಈಗ ಮಾತಾಡಿದ್ದನ್ನೆಲ್ಲ ಅವತ್ತೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ, ಅವರು 'ಓಕೆ ಸಾರ್' ಅಂತ ಉತ್ತರಿಸಿದರೆ ಸಾಕು. ದುಡ್ಡು ಕೂಡ ಫೋನ್‌ಪೇ ಮಾಡುತ್ತೇನೆ.

ಕಾಫಿ, ತಿಂಡಿ ಕೊಡಬೇಕಾ?

ಕೂಲಿಯಲ್ಲಿ ಸೇರಿಲ್ಲ, ಕೊಡಲೇಬೇಕು ಅಂತೇನೂ ಇಲ್ಲ. ನಮ್ಮನೆಯಲ್ಲಿ ಹನ್ನೊಂದಕ್ಕೆ ಒಂದು, ನಾಲ್ಕಕ್ಕೆ ಒಂದು ಟೀ ಅಮ್ಮ ಮಾಡಿಕೊಡುತ್ತಿದ್ದರು. ನಾಲ್ಕು ಗಂಟೆ ಟೀ ಹೊತ್ತಲ್ಲೇ ಪ್ಲಂಬರ್, 'ಅಮ್ಮ, ನಿಮಗೆ ಕೂತು ಏಳೋಕೆ ಗೋಡೆಗೆ ಒಂದು ಹಿಡಿ ಹಾಕಿಸಿಕೊಳ್ಳಿ, ಈಗಲೇ ಹೇಳಿದ್ರೆ ಗಟ್ಟಿ ಇಟ್ಟಿಗೆ ಇರೋ ಕಡೆ ಗುರುತು ಮಾಡ್ತೀನಿ' ಅಂದರು. ಅದು ನನಗೂ ಹೊಳೆದಿರಲಿಲ್ಲ. ಸ್ಟೀಲ್ ಹಿಡಿಗೆ 650 ಆಯಿತು, ಕೂರಿಸಿದ್ದಕ್ಕೆ ಅವರು ಬೇರೆ ದುಡ್ಡು ತಗೊಳ್ಳಲಿಲ್ಲ.